ಹಿಂದೆ ಕೂರುವವಳ ಲೆಕ್ಕ

ಬೈಕ್ ಕೊಳ್ಳುವಾಗ ನಮ್ಮ ಮನೆಗಳಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಲೀಟರ್‌ಗೆ ಎಷ್ಟು ಕಿಲೋಮೀಟರ್ ಕೊಡುತ್ತದೆ? ತಿಂಗಳ ಕಂತು ಎಷ್ಟು? ಯಾವ ಬಣ್ಣ? ಹಿಂದೆ ಕೂರುವವರ ಸೊಂಟದ ಗತಿ ಏನು ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಆದರೆ ಹಿಂದೆ ಕೂರುವವರು ಯಾರು? ಹೆಂಡತಿ, ವಯಸ್ಸಾದ ತಾಯಿ, ಕಾಲೇಜಿಗೆ ಹೊರಟ ಮಗಳು. ಕೆಲವೊಮ್ಮೆ ತಾಯಿಯ ಮಡಿಲಲ್ಲಿ ಒಂದು ಮಗು. ಬೈಕ್ ಓಡಿಸುವವರು ಮುಂದಿನ ಗುಂಡಿಯನ್ನು ಕಂಡು ಮೊದಲೇ ಕಾಲೂರಿ ಮೈ ಹಗುರ ಮಾಡಿಕೊಳ್ಳುತ್ತಾರೆ. ಹಿಂದೆ ಒಂದು ಬದಿಗೆ ಕುಳಿತವಳಿಗೆ ಗುಂಡಿ ಕಾಣುವುದಿಲ್ಲ, ನೇರವಾಗಿ ಸೊಂಟಕ್ಕೇ ಬಂದು ಬಡಿಯುತ್ತದೆ.

ನಮ್ಮ ಮನೆಯ ಅನ್ನ ಬರುವುದೇ ಈ ಹಿಂದಿನ ಸೀಟಿನ ಕೆಳಗಿನಿಂದ. ನಮ್ಮವರು ಆರ್.ಟಿ. ನಗರದ ಒಂದು ಅಡ್ಡರಸ್ತೆಯಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ರಿಪೇರಿಯ ಜೊತೆಗೆ ಹಿಂದಿನ ಚಕ್ರದ ಹಳೆಯ ಶಾಕ್ ಅಬ್ಸಾರ್ಬರ್‌ಗಳನ್ನು ಕೊಂಡು, ಸರಿಪಡಿಸಿ ಮಾರುವುದು ಅವರ ವ್ಯಾಪಾರ. ಅಂಗಡಿಯಲ್ಲಿ ಜಾಗ ಸಾಲದೆ ಅರ್ಧ ಮಾಲು ನಮ್ಮ ಮನೆಯ ಮೆಟ್ಟಿಲ ಕೆಳಗೆ ಇರುತ್ತದೆ. ಲೆಕ್ಕದ ಪುಸ್ತಕ ನನ್ನದು. ಯಾವ ಗಾಡಿಯಿಂದ ಬಂತು, ಯಾರು ಕೊಟ್ಟರು, ಆ ಗಾಡಿಯ ನೋಂದಣಿ ಸಂಖ್ಯೆ ಏನು, ಎಷ್ಟಕ್ಕೆ ಹೋಯಿತು, ಎಲ್ಲವನ್ನೂ ನಾನೇ ಬರೆಯುತ್ತೇನೆ. ನಂಬರ್ ಹೇಳಲು ಹಿಂಜರಿಯುವವನ ಮಾಲನ್ನು ಎಷ್ಟು ಅಗ್ಗವಾದರೂ ನಾವು ಮುಟ್ಟುವುದಿಲ್ಲ. ಕದ್ದ ಬೈಕ್ ಮೊದಲು ಬಿಡಿಭಾಗಗಳಾಗಿಯೇ ಮಾರುಕಟ್ಟೆಗೆ ಬರುತ್ತದೆ ಎಂಬುದು ಈ ಕಸುಬಿನವರಿಗೆಲ್ಲ ಗೊತ್ತು.

ಮದುವೆಯಾಗಿ ಬಂದ ಹೊಸತರಲ್ಲಿ ಈ ಕಬ್ಬಿಣದ ಕೋಲುಗಳೆಂದರೆ ನನಗೆ ಬೇಸರ. ಈಗ ತರಕಾರಿ ಆರಿಸುವಂತೆ ಆರಿಸುತ್ತೇನೆ. ಶಾಕ್ ಎಂದರೆ ಹೊರಗೆ ಸುರುಳಿ ಸ್ಪ್ರಿಂಗ್, ಒಳಗೆ ಎಣ್ಣೆ ತುಂಬಿದ ಕೊಳವೆ. ಭಾರ ಹೊರುವುದು ಸ್ಪ್ರಿಂಗ್. ಆ ಸ್ಪ್ರಿಂಗ್ ಚೆಂಡಿನಂತೆ ಮೇಲೆ ಕೆಳಗೆ ಪುಟಿಯುತ್ತಲೇ ಇರದಂತೆ ತಡೆಯುವುದು ಎಣ್ಣೆ. ಬ್ಯಾಂಕಿನ ಗಾಜಿನ ಬಾಗಿಲನ್ನು ನೋಡಿ. ತಳ್ಳಿ ಬಿಟ್ಟರೆ ರಪ್ಪನೆ ಬಡಿಯದೆ ನಿಧಾನವಾಗಿ ಮುಚ್ಚಿಕೊಳ್ಳುತ್ತದೆ. ಅಲ್ಲಿಯೂ ಇರುವುದು ಒಂದು ಸ್ಪ್ರಿಂಗ್ ಮತ್ತು ಸ್ವಲ್ಪ ಎಣ್ಣೆ. ಎಣ್ಣೆ ಸೋರಿದ ಬಾಗಿಲು ಹೇಗೆ ಬಡಿಯುತ್ತದೋ ಎಣ್ಣೆ ಸೋರಿದ ಶಾಕ್ ಕೂಡ ಹಾಗೆಯೇ. ಹಿಂದೆ ಕೂರುವವರ ಭಾರ ಬಹುತೇಕ ಹಿಂದಿನ ಚಕ್ರದ ಮೇಲೆಯೇ ಬೀಳುವುದರಿಂದ ಆ ಪೆಟ್ಟು ಮೊದಲು ತಿಳಿಯುವುದೂ ಅವರಿಗೇ. ಪೆಟ್ಟು ಮಾತ್ರವಲ್ಲ, ಉಬ್ಬಿನ ಮೇಲೆ ಹಾರಿದ ಚಕ್ರ ನೆಲ ಬಿಟ್ಟ ಆ ಕ್ಷಣ ಬ್ರೇಕ್ ಕೂಡ ಹಿಡಿಯುವುದಿಲ್ಲ.

ಹಳೆಯದನ್ನು ಯಾಕೆ ಕೊಳ್ಳಬೇಕು, ಹೊಸದನ್ನೇ ಹಾಕಿಸಬಾರದೇ ಎಂದು ನೀವು ಕೇಳಬಹುದು. ಸಾಧ್ಯವಿದ್ದರೆ ಹೊಸದೇ ಒಳ್ಳೆಯದು. ನಮ್ಮವರೂ ಗಿರಾಕಿಗಳಿಗೆ ಹಾಗೆಯೇ ಹೇಳುತ್ತಾರೆ. ಆದರೆ ಕೆಲವು ಗಾಡಿಗಳಿಗೆ ಹೊಸದು ಸಿಗುವುದು ಕಷ್ಟ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಯಮಹಾ ಆರ್‌ಎಕ್ಸ್ 100 ನಿಂತದ್ದೂ ಅದೇ ವರ್ಷ. ಆ ಗಾಡಿಗಳನ್ನು ಇಂದಿಗೂ ಮಕ್ಕಳಂತೆ ಸಾಕುವವರು ಯಲಹಂಕದಲ್ಲೂ ಹೆಬ್ಬಾಳದಲ್ಲೂ ಇದ್ದಾರೆ. ಇನ್ನು ದಿನವಿಡೀ ಊಟದ ಪೊಟ್ಟಣ ಹೊತ್ತು ಓಡುವ ಹುಡುಗರಿದ್ದಾರೆ. ಹೊಸ ಜೋಡಿಗೆ ಕೊಡುವ ಹಣದಲ್ಲಿ ಅವರಿಗೆ ಮನೆಯ ಒಂದು ವಾರದ ದಿನಸಿ ಬರುತ್ತದೆ. ಅಂಥವರಿಗೆ ಅಪಘಾತದಲ್ಲಿ ಮುಂಭಾಗ ಜಜ್ಜಿಹೋದ ಗಾಡಿಯ ಹಿಂದಿನ ಶಾಕ್ ಗಟ್ಟಿಯಾಗಿದ್ದರೆ ಅದೇ ದೊಡ್ಡ ಉಪಕಾರ. ನಮ್ಮವರು ಇಂಥ ಮಾಲಿಗಾಗಿ ಆಗಾಗ ಶಿವಾಜಿನಗರದ ಗುಜರಿಗೆ ಹೋಗಿಬರುತ್ತಾರೆ. ಹತ್ತು ನೋಡಿದರೆ ಎರಡು ತರುತ್ತಾರೆ.

ತಂದದ್ದನ್ನು ನಾವಿಬ್ಬರೂ ಪರೀಕ್ಷಿಸುತ್ತೇವೆ. ಮೊದಲು ರಾಡ್. ಹೊಳೆಯುವ ಆ ಕೋಲಿನಲ್ಲಿ ತುಕ್ಕಿನ ಚುಕ್ಕೆಯೋ ಗೀರೋ ಇದ್ದರೆ ಅದು ಹೊಸ ಸೀಲನ್ನೂ ಕೆಲವೇ ದಿನಗಳಲ್ಲಿ ಕೊರೆಯುತ್ತದೆ. ಸೀಲಿನ ಸುತ್ತ ಎಣ್ಣೆಗೆ ಧೂಳು ಅಂಟಿ ಕಪ್ಪು ಉಂಗುರವಾಗಿದ್ದರೆ ಸೋರಿಕೆ ಖಚಿತ. ತೀರಾ ಹೊಸದಾಗಿ ಬಣ್ಣ ಬಳಿದಿದ್ದರೆ ಇನ್ನೂ ಹೆಚ್ಚು ಅನುಮಾನ. ಮೇಲೆ ಕೆಳಗಿನ ಕಣ್ಣುಗಳಲ್ಲಿರುವ ರಬ್ಬರ್ ಬುಷ್ ಬಿರುಕು ಬಿಟ್ಟಿದೆಯೇ? ಕಣ್ಣಿಗೆ ಮತ್ತೆ ವೆಲ್ಡಿಂಗ್ ಮಾಡಿದ ಗುರುತಿದೆಯೇ? ಕೊನೆಗೆ ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ ಮೈಭಾರ ಹಾಕಿ ಒತ್ತಬೇಕು. ಕೈ ತೆಗೆದಾಗ ನಿಧಾನವಾಗಿ ಮೇಲೆ ಬಂದರೆ ಜೀವವಿದೆ, ಟಣ್ಣನೆ ಚಿಮ್ಮಿದರೆ ಸತ್ತಿದೆ ಎಂದರ್ಥ. ನನ್ನ ಪುಸ್ತಕದಲ್ಲಿ 'ಸತ್ತದ್ದು' ಎಂದೇ ಒಂದು ಕಾಲಂ ಇದೆ. ಒಂದು ಕಡೆಯದು ಚೆನ್ನಾಗಿದ್ದು ಇನ್ನೊಂದು ಸತ್ತಿದ್ದರೆ ಜೋಡಿಯೇ ಕೆಟ್ಟಂತೆ. ಎಡ ಬಲ ಒಂದೇ ಬಲವಿಲ್ಲದಿದ್ದರೆ ತಿರುವಿನಲ್ಲಿ ಗಾಡಿ ಅಲುಗುತ್ತದೆ.

ಒಂದು ಗಾಡಿಯ ಶಾಕನ್ನು ಇನ್ನೊಂದಕ್ಕೆ ಹೊಂದಿಸುವುದು ಬೇರೆಯೇ ವಿದ್ಯೆ. ಒಂದು ಕಣ್ಣಿನ ನಡುವಿನಿಂದ ಇನ್ನೊಂದು ಕಣ್ಣಿನ ನಡುವಿಗೆ ಅಳತೆ ಹಿಡಿಯಬೇಕು. ಮೂಲದ್ದಕ್ಕಿಂತ ಉದ್ದವಾದರೆ ಗಾಡಿಯ ಹಿಂಭಾಗ ಏಳುತ್ತದೆ. ಹೆಡ್‌ಲೈಟಿನ ಬೆಳಕು ಹತ್ತಿರದ ನೆಲಕ್ಕೆ ಬೀಳುತ್ತದೆ. ಸೈಡ್ ಸ್ಟ್ಯಾಂಡ್ ಹಾಕಿದರೆ ವಿಪರೀತ ವಾಲಿ ನಿಲ್ಲುತ್ತದೆ. ನಡುವಿನ ಸ್ಟ್ಯಾಂಡ್ ಹಾಕಿದರೂ ಹಿಂದಿನ ಚಕ್ರ ನೆಲ ಬಿಡುವುದಿಲ್ಲ. ಗಿಡ್ಡವಾದರೆ ಇಬ್ಬರು ಕುಳಿತಾಗ ಟೈರ್ ಮಡ್‌ಗಾರ್ಡಿಗೆ ಉಜ್ಜುತ್ತದೆ. ಬುಷ್‌ನ ತೂತಿಗೂ ಬೋಲ್ಟಿಗೂ ಹೊಂದದಿದ್ದರೆ ಯಶವಂತಪುರದ ಕಡೆಯ ಲೇತ್ ಅಂಗಡಿಯಲ್ಲಿ ಕಬ್ಬಿಣದ ತೋಳು ಕಡೆಸಿ ಹಾಕುತ್ತಾರೆ. ವಾಷರ್ ತುರುಕಿ ಹೇಗೋ ಬಿಗಿಯುವವರೂ ಇದ್ದಾರೆ, ಅದು ಸಲ್ಲದು. ಅನಿಲದ ಡಬ್ಬಿಯಿರುವ ಶಾಕಿನಲ್ಲಿ ನೈಟ್ರೋಜನ್ ಒತ್ತಡದಲ್ಲಿ ತುಂಬಿರುತ್ತದೆ. ಅದನ್ನು ಕೊರೆಯುವುದು, ಬಿಸಿ ಮಾಡುವುದು, ವೆಲ್ಡಿಂಗ್ ಮಾಡುವುದು ಪ್ರಾಣದೊಡನೆ ಆಟ. ಸ್ಪ್ರಿಂಗನ್ನು ಸರಿಯಾದ ಸಾಧನವಿಲ್ಲದೆ ಬಿಚ್ಚಿದರೂ ಅಷ್ಟೇ, ಗುಂಡಿನಂತೆ ಹಾರುತ್ತದೆ. ಮಕ್ಕಳು ಮೆಟ್ಟಿಲ ಬಳಿ ಆಡುವಾಗ ನನ್ನ ಕಣ್ಣು ಸದಾ ಆ ರಾಶಿಯ ಮೇಲೆಯೇ ಇರುತ್ತದೆ.

ಗಿರಾಕಿಗಳು ಕೇಳುವುದೂ ಒಂದೊಂದು ಥರ. ದೊಡ್ಡಬಳ್ಳಾಪುರ ರಸ್ತೆಯಿಂದ ಯಲಹಂಕಕ್ಕೆ ಹಾಲಿನ ಕ್ಯಾನ್ ತರುವವರಿಗೆ, ಯಶವಂತಪುರದ ಮಾರುಕಟ್ಟೆಯಿಂದ ಈರುಳ್ಳಿ ಮೂಟೆ ಹೊರುವವರಿಗೆ ಗಡುಸಾದ ಸ್ಪ್ರಿಂಗ್ ಬೇಕು. ಅವರ ಕಷ್ಟ ನ್ಯಾಯವಾದದ್ದೇ. ಆದರೆ ವಾರವೆಲ್ಲ ಮೂಟೆ ಹೊತ್ತ ಆ ಗಾಡಿಯಲ್ಲೇ ಭಾನುವಾರ ಹೆಂಡತಿ ಮಕ್ಕಳೂ ಕೂರುತ್ತಾರೆ. ಮೂಟೆಗೆ ಸರಿಹೋದ ಸ್ಪ್ರಿಂಗ್ ಮನುಷ್ಯರಿಗೆ ಕಲ್ಲಿನಂತಿರುತ್ತದೆ. ಇಂಥವರಿಗೆ ನಮ್ಮವರು ಶಾಕಿನ ಬುಡದಲ್ಲಿರುವ ಮೆಟ್ಟಿಲು ಮೆಟ್ಟಿಲಾದ ಉಂಗುರವನ್ನು ತಿರುಗಿಸಲು ಕಲಿಸಿಕೊಡುತ್ತಾರೆ. ಭಾರವಿದ್ದಾಗ ಮೇಲಿನ ಮೆಟ್ಟಿಲು, ಇಲ್ಲದಾಗ ಕೆಳಗಿನದು. ಎರಡೂ ಕಡೆ ಒಂದೇ ಮೆಟ್ಟಿಲಲ್ಲಿರಬೇಕು, ಅಷ್ಟೇ. ಎಷ್ಟೋ ಜನ ವರ್ಷಗಟ್ಟಲೆ ಬೈಕ್ ಓಡಿಸಿದರೂ ಆ ಉಂಗುರ ತಿರುಗುತ್ತದೆ ಎಂಬುದೇ ಅವರಿಗೆ ತಿಳಿದಿರುವುದಿಲ್ಲ!

ಹುಡುಗರ ಬೇಡಿಕೆ ಬೇರೆ. ಹಳೆಯ ಆರ್‌ಎಕ್ಸ್‌ಗೆ ಪಲ್ಸರ್‌ನ ಡಬ್ಬಿಯ ಶಾಕ್ ಬೇಕು, ನೋಡಲು ಚೆಂದವಂತೆ. ದಪ್ಪ ಶಾಕ್ ಹಿಡಿಸದಿದ್ದರೆ "ಸೀರೆ ಗಾರ್ಡ್ ತೆಗೆದುಬಿಡಿ ಅಂಕಲ್" ಎನ್ನುತ್ತಾರೆ. ಆಗ ಮಾತ್ರ ನಮ್ಮವರು ಕೈಯಲ್ಲಿದ್ದ ಪಾನಾ ಕೆಳಗಿಡುತ್ತಾರೆ. ಸಹೋದರಿಯರೇ, ಆ ಜಾಲರಿ ಅಲಂಕಾರಕ್ಕೆ ಇರುವುದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದಂತೆ ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಜಾಗ ಮತ್ತು ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂದಿನ ಚಕ್ರದ ಕನಿಷ್ಠ ಅರ್ಧ ಭಾಗ ಮುಚ್ಚುವ ರಕ್ಷಣೆ ಇರಲೇಬೇಕು. ಸೀರೆಯ ಸೆರಗು, ದುಪಟ್ಟಾ, ಬುರ್ಖಾದ ಅಂಚು ಚಕ್ರಕ್ಕೆ ಸಿಕ್ಕಿದರೆ ಏನಾಗುತ್ತದೆ ಎಂದು ವಿವರಿಸಬೇಕಿಲ್ಲ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಅದಕ್ಕೂ ಎಷ್ಟೋ ವರ್ಷ ಮೊದಲೇ ಕಾನೂನು ನಮ್ಮ ಸೆರಗನ್ನು ನೆನೆದಿತ್ತು.

ಗಾಡಿಯ ರಚನೆಯನ್ನೇ ಬದಲಿಸುವುದಕ್ಕೂ ಕಾನೂನು ಮಿತಿ ಹಾಕಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅಕ್ರಮವಾದ ಪ್ರತಿಯೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಎಂದು ಬಂತು. ಸವೆದ ಶಾಕ್ ತೆಗೆದು ಅದೇ ಅಳತೆಯ, ಅದೇ ಬಗೆಯದನ್ನು ಹಾಕುವುದು ರಿಪೇರಿ. ಚಾಸಿಗೆ ಹೊಸ ಕೊಂಡಿ ವೆಲ್ಡ್ ಮಾಡಿ ಎರಡು ಶಾಕಿನ ಗಾಡಿಯನ್ನು ಒಂದು ಶಾಕಿನದಾಗಿಸುವ ಕೆಲಸಕ್ಕೆ ನಮ್ಮ ಅಂಗಡಿಯಲ್ಲಿ ಜಾಗವಿಲ್ಲ. ಇದರಿಂದ ಕಳೆದುಕೊಂಡ ಗಿರಾಕಿಗಳೂ ಉಂಟು.

ಈ ಬಿಗಿತಕ್ಕೆ ನಮ್ಮ ಮನೆಯಲ್ಲೇ ಒಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಅತ್ತೆಯವರು ಯಲಹಂಕದಲ್ಲಿದ್ದ ಸಂಬಂಧಿಕರ ಮನೆಗೆ ಹೋಗಿದ್ದರು. ಅಲ್ಲಿಂದ ಬಸ್ ನಿಲ್ದಾಣಕ್ಕೆ ಅವರ ಮಗ ಬೈಕಿನಲ್ಲಿ ಬಿಡಲು ಹೊರಟ. ಬೈಕ್ ಅವನು ಒಂದು ತಿಂಗಳ ಹಿಂದೆಯಷ್ಟೇ ಕೊಂಡ ಸೆಕೆಂಡ್ ಹ್ಯಾಂಡ್, ಥಳಥಳ ಹೊಳೆಯುತ್ತಿತ್ತು. ಬಣ್ಣ ಹಚ್ಚದ ಒಂದು ರಸ್ತೆಯುಬ್ಬಿನ ಮೇಲೆ ಗಾಡಿ ಹಾರಿ ಕುಕ್ಕಿತು. ಯಾರೂ ಬೀಳಲಿಲ್ಲ. ಆದರೆ ಅತ್ತೆ ಇಳಿಯಲಾಗದೆ ಅಲ್ಲೇ ಕಣ್ಣೀರಿಟ್ಟರು. ಬೆನ್ನುಮೂಳೆಯ ಒಂದು ಮಣಿ ಕುಸಿದಿದೆ ಎಂದು ಎಕ್ಸ್‌ರೇಯಲ್ಲಿ ತಿಳಿಯಿತು. ವಯಸ್ಸಾದ ಹೆಂಗಸರ ಮೂಳೆ ಸವೆದಿರುತ್ತದೆ, ಬೀಳಬೇಕೆಂದಿಲ್ಲ, ಒಂದು ಕುಕ್ಕು ಸಾಕು ಎಂದರು ವೈದ್ಯರು. ಮೂರು ತಿಂಗಳು ಅವರು ಹಾಸಿಗೆಯಲ್ಲೇ ಇದ್ದರು. ನಮಾಝನ್ನೂ ಮಲಗಿಯೇ ನಿರ್ವಹಿಸಿದರು. ನಮ್ಮವರು ಆ ಬೈಕನ್ನು ತರಿಸಿ ಬಿಚ್ಚಿದರು. ಎರಡೂ ಶಾಕಿನಲ್ಲಿ ಎಣ್ಣೆಯ ಹನಿಯಿರಲಿಲ್ಲ. ಹೊರಗೆ ಮಾತ್ರ ಹೊಸ ಕಪ್ಪು ಬಣ್ಣ. ಬಳಿದವರು ಯಾರೋ, ಅದು ಎಷ್ಟು ಕೈ ದಾಟಿ ಬಂದಿತ್ತೋ!

ಅದಾದ ಮೇಲೊಂದು ಮೇ ತಿಂಗಳು. ಶಾಲೆಯ ಶುಲ್ಕ ಕಟ್ಟಬೇಕು, ಅಂಗಡಿಯ ಬಾಡಿಗೆ ಬಾಕಿ. ಆಗ ಒಬ್ಬ ವ್ಯಾಪಾರಿ ಬಂದು ನಮ್ಮಲ್ಲಿದ್ದ 23 ಸತ್ತ ಶಾಕ್‌ಗಳನ್ನೂ ಕೊಳ್ಳುತ್ತೇನೆ ಎಂದರು. ಗುಜರಿಯ ತೂಕಕ್ಕಿಂತ ಎಷ್ಟೋ ಪಾಲು ಹೆಚ್ಚು ಬೆಲೆ. ತೊಳೆದು, ಬಣ್ಣ ಹಚ್ಚಿ, ರಾಡಿಗೆ ಗ್ರೀಸ್ ಸವರಿದರೆ ಒಂದು ವಾರ ಏನೂ ತಿಳಿಯುವುದಿಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. "ನೀವೇನೂ ಸುಳ್ಳು ಹೇಳಬೇಕಿಲ್ಲವಲ್ಲ, ಸತ್ತದ್ದೆಂದೇ ನನಗೆ ಕೊಡಿ" ಎಂದರು. ಮಾತು ನಯವಾಗಿತ್ತು. ಹಣ ನಮ್ಮ ಕೊರತೆಗೆ ಅಳೆದಂತೆ ಸರಿಹೋಗುತ್ತಿತ್ತು.

ಅಂದು ರಾತ್ರಿ ಊಟದ ಹೊತ್ತಿಗೆ ನಮ್ಮವರು ಮಾತಾಡಲಿಲ್ಲ. ಆಮೇಲೆ ಪುಸ್ತಕ ತರಲು ಹೇಳಿದರು. 'ಸತ್ತದ್ದು' ಕಾಲಂನ ಮೇಲೆ ಅವರ ಬೆರಳು ಬಹಳ ಹೊತ್ತು ಆಡಿತು. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಅತ್ತೆ ಗೋಡೆ ಹಿಡಿದು ಬಂದು ಕೂತರು. "ಕೊಡುವುದಾದರೆ ಕೊಡು. ಮೊದಲು ಅದರಲ್ಲೊಂದು ಜೋಡಿ ನಿನ್ನ ಗಾಡಿಗೆ ಹಾಕಿ, ನನ್ನನ್ನು ಹಿಂದೆ ಕೂರಿಸಿಕೊಂಡು ಹೆಬ್ಬಾಳದವರೆಗೆ ಹೋಗಿ ಬಾ" ಎಂದರು. ನಮ್ಮವರು ಪುಸ್ತಕ ಮುಚ್ಚಿದರು.

ಧಾನ್ಯದ ರಾಶಿಯೊಳಗೆ ಕೈಯಿಟ್ಟು ಒಳಗಿನ ತೇವವನ್ನು ಕಂಡ ಪ್ರವಾದಿಯವರ(ಸ) ಪ್ರಸಂಗ ನಮಗೆಲ್ಲ ಗೊತ್ತು. ಒದ್ದೆಯಾದದ್ದು ಕೊಳ್ಳುವವರಿಗೆ ಕಾಣುವಂತೆ ಮೇಲಿರಬೇಕು ಎಂಬುದು ಅಲ್ಲಿನ ಪಾಠ. ಶಾಕಿನ ಒದ್ದೆಯೂ ಮೇಲೆಯೇ ಕಾಣಬೇಕು. ಅದರ ಮೇಲೆ ಬಣ್ಣ ಬಳಿಯುವವನಿಗೆ ತಿಳಿದೂ ಕೊಟ್ಟ ಮೇಲೆ ನಮ್ಮ ಕೈ ಒಣಗಿದೆ ಎಂದು ಹೇಗೆ ಹೇಳುವುದು? ಮರುದಿನ ನಮ್ಮವರು ಸ್ಪ್ರಿಂಗ್‌ಗಳನ್ನು ಬಿಚ್ಚಿಟ್ಟು, ಎಣ್ಣೆಯ ಶಾಕ್‌ಗಳ ಕಣ್ಣುಗಳನ್ನು ಕತ್ತರಿಸಿ ಮತ್ತೆ ಯಾವ ಗಾಡಿಗೂ ಹತ್ತದಂತೆ ಮಾಡಿ ತೂಕಕ್ಕೆ ಹಾಕಿದರು. ಅನಿಲದ ಮೂರನ್ನು ಮಾತ್ರ ಕತ್ತರಿಸದೆ ಬೇರೆಯಾಗಿಟ್ಟರು. ಶುಲ್ಕವನ್ನು ಶಾಲೆಯವರಲ್ಲಿ ಕೇಳಿಕೊಂಡು ಮೂರು ಕಂತಿನಲ್ಲಿ ಕಟ್ಟಿದೆವು. ಆ ವರ್ಷ ಮಕ್ಕಳ ಹಬ್ಬದ ಬಟ್ಟೆ ನನ್ನ ಹೊಲಿಗೆ ಯಂತ್ರದಲ್ಲೇ ಆಯಿತು. ಕಷ್ಟವಾಗಲಿಲ್ಲ ಎಂದು ಹೇಳಲಾರೆ, ಆಯಿತು. ಬಾಡಿಗೆಯ ಬಾಕಿ ತೀರಲು ದೀಪಾವಳಿಯೇ ಬಂತು.

ಬೈಕ್ ಗಂಡಸರ ವಿಷಯ, ನಮಗೇಕೆ ಎಂದು ಸುಮ್ಮನಿರಬೇಡಿ. ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಮನೆಯವರು ಹೊರಟಾಗ ನೀವೂ ಹೋಗಿ. ಹಿಂದಿನ ಶಾಕಿನ ರಾಡಿನ ಮೇಲೆ ಒಂದು ಬಿಳಿ ಬಟ್ಟೆ ಒತ್ತಿ ನೋಡಿ, ಎಣ್ಣೆ ಹತ್ತುತ್ತದೆಯೇ ಎಂದು. ಸೀಟಿನ ಹಿಂಭಾಗವನ್ನು ಎರಡೂ ಕೈಯಿಂದ ಒತ್ತಿ ಬಿಡಿ. ಒಮ್ಮೆ ಏಳಬೇಕು, ಕುಣಿಯಬಾರದು. ಸೀರೆ ಗಾರ್ಡ್, ಹಿಡಿಕೆ, ಕಾಲಿಡುವ ಜಾಗ ಇವೆಯೇ ನೋಡಿ. ಕಡೆಯದಾಗಿ, ಹಣ ಎಣಿಸುವ ಮೊದಲು ಹಿಂದಿನ ಸೀಟಿನಲ್ಲಿ ಕುಳಿತು ಒಂದು ರಸ್ತೆಯುಬ್ಬು ದಾಟಿಸಿ ಎಂದು ಹೇಳಿ. ಮಾರುವವರು ಬೇಡವೆಂದರೆ ಆ ಗಾಡಿ ನಿಮಗೂ ಬೇಡ.