ಬಿನ್ನಹದ ತಿಥಿ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು ದೂರವಾಣಿ ಕರೆ ಮಾಡಿದ್ದರು. ಸಂಶೋಧನಾ ಶಿಷ್ಯವೇತನಕ್ಕೆ ಅವರು ಅರ್ಜಿ ಸಲ್ಲಿಸಿ ಐದು ತಿಂಗಳು ಕಳೆದಿತ್ತು. ಜಾಲತಾಣದಲ್ಲಿ ಅರ್ಜಿಯ ಸಂಖ್ಯೆಯನ್ನು ನಮೂದಿಸಿದಾಗಲೆಲ್ಲ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಪದ ಕಾಣಿಸುತ್ತದೆಯಂತೆ. ಮನೆಯವರು ಬಿ.ಇಡಿ.ಗೆ ಸೇರಿಕೋ ಎನ್ನುತ್ತಿದ್ದಾರೆ. ಪ್ರವೇಶದ ಅವಧಿ ಮುಗಿಯಲು ಹನ್ನೆರಡು ದಿನಗಳಷ್ಟೇ ಉಳಿದಿವೆ. ‘ಶಿಷ್ಯವೇತನ ಬರುತ್ತದೆಯೇ ಸರ್’ ಎಂದು ಅವರು ಕೇಳಲಿಲ್ಲ. ‘ಇನ್ನೂ ಕಾಯಬಹುದೇ ಸರ್’ ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ‘ಎರಡು ದಿನ ಬಿಟ್ಟು ಹೇಳುತ್ತೇನೆ’ ಎಂದೆ. ಅಂದರೆ, ಕಾಯುತ್ತಿದ್ದವರನ್ನು ನಾನೂ ಎರಡು ದಿನ ಕಾಯಿಸಿದೆ.

ಆ ಎರಡು ದಿನಗಳಲ್ಲಿ ನನ್ನದೇ ಒಂದು ವರ್ಷ ನೆನಪಾಯಿತು. 2011ರಲ್ಲಿ ನಾನು ಮೈಸೂರಿನಲ್ಲಿದ್ದೆ. ಕನ್ನಡ ಎಂ.ಎ. ಮುಗಿದಿತ್ತು, ವಿದ್ಯಾರ್ಥಿನಿಲಯದ ಕೊಠಡಿಯನ್ನು ತೆರವು ಮಾಡಿ, ಸಹಪಾಠಿಯೊಬ್ಬನೊಡನೆ ಒಂದು ಚಿಕ್ಕ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ನಾನು ಆರಿಸಿಕೊಂಡಿದ್ದ ವಿಷಯ ಶಾಸನಗಳ ಕೊನೆಯ ಸಾಲುಗಳು. ‘ಬರೆದಂ’, ‘ಕಂಡರಿಸಿದಂ’ ಎಂದು ತಮ್ಮ ಹೆಸರನ್ನು ಕಲ್ಲಿನ ತುದಿಯಲ್ಲಿ ಉಳಿಸಿಹೋದ ಲಿಪಿಕಾರರನ್ನೂ ರೂವಾರಿಗಳನ್ನೂ ಕಲೆಹಾಕಿ ನೋಡಬೇಕೆಂಬುದು ಆಸೆ. ಗೆಳೆಯನ ವಿಷಯ ನಡುಗನ್ನಡದ ಗದ್ಯ. ಹಸ್ತಪ್ರತಿಗಳನ್ನು ಓದುವುದರಲ್ಲಿ ಅವನು ನನಗಿಂತ ಮುಂದಿದ್ದ. ಓಲೆಗರಿಯ ಮೇಲೆ ನಾನು ಒಂದು ಸಾಲಿನಲ್ಲಿ ತಡವರಿಸುತ್ತಿರುವಾಗ ಅವನು ಪುಟ ಮುಗಿಸಿರುತ್ತಿದ್ದ. ಇಬ್ಬರೂ ಒಂದೇ ದಿನ, ಒಂದೇ ಸಂಸ್ಥೆಗೆ, ಒಂದೇ ಅಂಚೆ ಕಚೇರಿಯಿಂದ ಅರ್ಜಿಗಳನ್ನು ನೋಂದಾಯಿತ ಅಂಚೆಯಲ್ಲಿ ಕಳುಹಿಸಿದೆವು. ರಸೀದಿಗಳನ್ನು ನಿಘಂಟಿನ ಒಂದೇ ಪುಟದಲ್ಲಿಟ್ಟೆವು.

ಮೊದಲ ಎರಡು ತಿಂಗಳು ಕಾಯುವುದು ಒಂದು ಬಗೆಯ ಸುಖವೇ ಆಗಿತ್ತು. ಅರ್ಜಿಯೊಡನೆ ಕಳುಹಿಸಿದ್ದ ಸಾರಲೇಖವನ್ನು ಮತ್ತೆ ಮತ್ತೆ ಓದುತ್ತಿದ್ದೆವು. ಮೂರನೆಯ ತಿಂಗಳು ಅದರಲ್ಲಿ ತಪ್ಪುಗಳು ಕಾಣತೊಡಗಿದವು. ನಾಲ್ಕನೆಯ ತಿಂಗಳು ಅದನ್ನು ಓದುವ ಧೈರ್ಯವೇ ಉಳಿಯಲಿಲ್ಲ. ಮೌನಕ್ಕೆ ಒಂದು ವಿಚಿತ್ರ ಗುಣವಿದೆ. ಅದನ್ನು ಕೇಳುವವನು ತನ್ನ ಅಳುಕುಗಳನ್ನೆಲ್ಲ ಅದರ ಬಾಯಿಂದ ಆಡಿಸುತ್ತಾನೆ. ತಿರಸ್ಕಾರದ ಪತ್ರಕ್ಕಾದರೂ ಒಂದು ಕಾರಣವಿರುತ್ತದೆ. ಮೌನಕ್ಕೆ ನಾವೇ ನೂರು ಕಾರಣಗಳನ್ನು ಹುಟ್ಟಿಸಿಕೊಳ್ಳುತ್ತೇವೆ. ವಿಷಯ ಹಳತಾಯಿತೇನೋ, ಶಿಫಾರಸು ಪತ್ರ ತಲುಪಲಿಲ್ಲವೇನೋ, ಹೆಸರಿನ ಕಾಗುಣಿತ ತಪ್ಪಿತೇನೋ.

ಇದರ ಜೊತೆಗೆ ಲೆಕ್ಕಾಚಾರವೂ ಇತ್ತು. ಆಗ ಯುಜಿಸಿಯ ಕಿರಿಯ ಸಂಶೋಧನಾ ಶಿಷ್ಯವೇತನ ತಿಂಗಳಿಗೆ 16,000 ರೂಪಾಯಿ. ಅದು 2014ರ ಕೊನೆಯಲ್ಲಿ 25,000ಕ್ಕೂ, 2019ರಲ್ಲಿ 31,000ಕ್ಕೂ, 2023ರಲ್ಲಿ 37,000ಕ್ಕೂ ಏರಿತು. ನಾವು ಕೇಳಿದ್ದು ಅದಕ್ಕಿಂತ ಬಹಳ ಚಿಕ್ಕ ಮೊತ್ತ. ಯುಜಿಸಿಯ ಶಿಷ್ಯವೇತನಕ್ಕೆ ಆಗ ವಯೋಮಿತಿ 28 ವರ್ಷ. ಅದನ್ನು 30ಕ್ಕೆ ಏರಿಸಿದ್ದು 2018ರಲ್ಲಿ. ಮಹಿಳೆಯರಿಗೂ ಮೀಸಲಾತಿಗೆ ಒಳಪಟ್ಟ ವರ್ಗಗಳಿಗೂ ಐದು ವರ್ಷಗಳ ಸಡಿಲಿಕೆ ಉಂಟು. ವಯೋಮಿತಿ ಎಂಬುದು ಕಾಯುವವನ ಕಡೆಯಿಂದ ಮಾತ್ರ ಸವೆಯುವ ಕಾಲ. ಅರ್ಜಿ ಯಾವುದೋ ಮೇಜಿನ ಮೇಲೆ ಆರು ತಿಂಗಳು ಕುಳಿತರೆ ಮೇಜಿಗೆ ವಯಸ್ಸಾಗುವುದಿಲ್ಲ.

ಆ ದಿನಗಳಲ್ಲಿ ಮಧ್ಯಾಹ್ನದವರೆಗೆ ಗ್ರಂಥಾಲಯದಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳನ್ನು ತಿರುವುತ್ತಿದ್ದೆ. ಹುಡುಕುತ್ತಿದ್ದುದು ಕೊನೆಯ ಸಾಲುಗಳನ್ನು. ಆದರೆ ಮನಸ್ಸು ಬೇರೊಂದು ಕಡೆ ಇದ್ದುದರಿಂದಲೋ ಏನೋ, ಕಣ್ಣು ಬೇರೊಂದು ಸಂಗತಿಯ ಮೇಲೆ ನಿಲ್ಲತೊಡಗಿತು. ನಮ್ಮ ದಾನಶಾಸನಗಳು ಕಾಲದ ವಿಷಯದಲ್ಲಿ ಎಷ್ಟೊಂದು ನಿಷ್ಠುರವಾಗಿವೆ! ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ. ಕೆಲವೊಮ್ಮೆ ಅಂದು ಗ್ರಹಣವಿತ್ತೇ ಸಂಕ್ರಮಣವಿತ್ತೇ ಎಂಬುದೂ ನಮೂದಾಗಿರುತ್ತದೆ. ಆ ವಿವರಗಳ ಬಲದಿಂದಲೇ ವಿದ್ವಾಂಸರು ಸಾವಿರ ವರ್ಷಗಳ ಹಿಂದಿನ ಒಂದು ದಿನವನ್ನು ಇಂದಿನ ಪಂಚಾಂಗಕ್ಕೆ ಹೊಂದಿಸಿ ತೋರಿಸಬಲ್ಲರು. ದಾನವನ್ನು ಬೇಡಿದವರ ಹೆಸರೂ ಎಷ್ಟೋ ಕಡೆ ಇರುತ್ತದೆ. ಬಾದಾಮಿ ಚಾಲುಕ್ಯರ ತಾಮ್ರಪಟಗಳಲ್ಲಿ ಇಂಥವರ ವಿಜ್ಞಾಪನೆಯ ಮೇರೆಗೆ ದಾನ ಮಾಡಲಾಯಿತು ಎಂಬ ಒಕ್ಕಣೆ ಪರಿಚಿತವಾದುದೇ. ಕನ್ನಡ ಶಾಸನಗಳಲ್ಲಿ ಅದೇ ‘ಬಿನ್ನಪಂಗೆಯ್ದು’ ಆಗುತ್ತದೆ. ಆದರೆ ಆ ಬಿನ್ನಹವನ್ನು ಎಂದು ಮಾಡಲಾಯಿತು? ಬೇಡಿದ ದಿನಕ್ಕೂ ಪಡೆದ ದಿನಕ್ಕೂ ನಡುವೆ ಎಷ್ಟು ಮಳೆಗಾಲಗಳು ಕಳೆದವು? ನಾನು ಓದಿದ ಶಾಸನಗಳಲ್ಲಿ ಕೊಟ್ಟ ದಿನದ ತಿಥಿಯಿತ್ತು; ಬಿನ್ನಹದ ತಿಥಿಯಿರಲಿಲ್ಲ.

ಕವಿಗಳ ವಿಷಯದಲ್ಲಿಯೂ ಇದು ಸತ್ಯ. ಪಂಪನು ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ್ದು 941ರಲ್ಲಿ. ಅರಿಕೇಸರಿಯು ಅವನಿಗೆ ಧರ್ಮಪುರವೆಂಬ ಅಗ್ರಹಾರವನ್ನು ಕೊಟ್ಟ ಸಂಗತಿ ಅವನ ತಮ್ಮ ಜಿನವಲ್ಲಭನು ಹಾಕಿಸಿದ ಕುರ್ಕ್ಯಾಲ ಶಾಸನದಲ್ಲಿಯೂ ದೃಢಪಟ್ಟಿದೆ. ತೆಲಂಗಾಣದ ಕರೀಂನಗರದ ಸೀಮೆಯ ಬಂಡೆಯೊಂದರ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿ ಕಂಡರಿಸಿದ ಆ ಬರಹವನ್ನು ನಾವು ಸಾಹಿತ್ಯ ಚರಿತ್ರೆಯ ದಾಖಲೆಯೆಂದು ಓದುತ್ತೇವೆ. ಒಬ್ಬ ಬರಹಗಾರನ ಜೀವನಾಧಾರದ ಆದೇಶಪತ್ರ ಎಂದೂ ಅದನ್ನು ಓದಬಹುದು. ಮುದುವೊಳಲಿನ ಬಳೆಗಾರ ಮನೆತನದ ರನ್ನನು ಅಜಿತಸೇನಾಚಾರ್ಯರ ಶಿಷ್ಯನಾಗಿ, ಚಾವುಂಡರಾಯನ ಆಶ್ರಯ ಪಡೆದು, ಮುಂದೆ ಅತ್ತಿಮಬ್ಬೆಯ ಪ್ರೇರಣೆಯಿಂದ 993ರಲ್ಲಿ ‘ಅಜಿತಪುರಾಣ’ವನ್ನು ಮುಗಿಸಿದ. ಗುರುವಿನ ಹೆಸರು, ಆಶ್ರಯದಾತರ ಹೆಸರು, ಕಾವ್ಯ ಮುಗಿದ ಕಾಲ, ಎಲ್ಲವೂ ನಮಗೆ ದೊರೆತಿವೆ. ಊರು ಬಿಟ್ಟ ಬಳೆಗಾರರ ಹುಡುಗ ಆಶ್ರಯ ಸಿಗುವವರೆಗೆ ಯಾರ ಜಗಲಿಯ ಮೇಲೆ ಮಲಗಿದ್ದ ಎಂಬುದು ದೊರೆತಿಲ್ಲ. ಆಶ್ರಯದ ಚರಿತ್ರೆಯನ್ನು ಬರೆದವರೆಲ್ಲ ಆಶ್ರಯ ಪಡೆದವರೇ. ಪಡೆಯದವರ ಬಿನ್ನಹಗಳು ಯಾವ ಕಾವ್ಯದ ಪೀಠಿಕೆಯನ್ನೂ ಸೇರಲಿಲ್ಲ.

ಆ ವರ್ಷ ಈ ಮಾತು ನನಗೆ ಪಾಂಡಿತ್ಯದ ಸೂಕ್ಷ್ಮವೆಂದು ಮಾತ್ರ ತೋರಿತ್ತು. ಅದರ ಭಾರ ತಿಳಿದದ್ದು ಆಮೇಲೆ.

ಐದನೆಯ ತಿಂಗಳು ಗೆಳೆಯನಿಗೆ ಊರಿನಿಂದ ಪತ್ರ ಬಂತು. ಪಕ್ಕದ ಪಟ್ಟಣದ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತನ ಕೆಲಸ ಖಾಲಿಯಿತ್ತು. ತಂಗಿಯ ಮದುವೆ ಗೊತ್ತಾಗಿತ್ತು. ‘ಒಂದು ತಿಂಗಳು ತಡೆ’ ಎಂದು ನಾನು ಹೇಳಿದೆ. ಅವನು ನಕ್ಕು, ‘ನಿನ್ನ ಅಣ್ಣ ಪ್ರತಿ ತಿಂಗಳು ಕಳಿಸುತ್ತಾನಲ್ಲ, ಅದರಲ್ಲಿ ಅರ್ಧ ನನಗೆ ಕೊಡು, ತಡೆಯುತ್ತೇನೆ’ ಎಂದ. ಅದು ತಮಾಷೆಯ ಮಾತು. ಆದರೆ ನಾನು ಉತ್ತರಿಸಲಿಲ್ಲ. ಅಣ್ಣ ಕಳುಹಿಸುತ್ತಿದ್ದುದು ಎರಡು ಸಾವಿರ ರೂಪಾಯಿ. ಅವನದೇ ಕಿರಾಣಿ ಅಂಗಡಿಯ ಗಲ್ಲಾದಿಂದ. ಮರುದಿನ ಬೆಳಿಗ್ಗೆ ಗೆಳೆಯ ಬಸ್ಸು ಹತ್ತಿದ. ನಿಘಂಟಿನಲ್ಲಿದ್ದ ತನ್ನ ರಸೀದಿಯನ್ನು ಅವನು ತೆಗೆದುಕೊಂಡು ಹೋಗಲಿಲ್ಲ.

ಏಳನೆಯ ತಿಂಗಳು ಇಬ್ಬರಿಗೂ ಆಯ್ಕೆಯ ಪತ್ರ ಬಂತು. ಅವನ ಹೆಸರು ಪಟ್ಟಿಯಲ್ಲಿ ನನ್ನ ಹೆಸರಿಗಿಂತ ಮೇಲಿತ್ತು. ಪತ್ರದ ದಿನಾಂಕದಿಂದ ಒಂದು ತಿಂಗಳೊಳಗೆ ಸೇರಬೇಕು, ಬೇರೆ ಯಾವ ಸಂಬಳದ ಕೆಲಸದಲ್ಲಿಯೂ ಇರಕೂಡದು ಎಂಬುದು ನಿಯಮ. ಏಳು ತಿಂಗಳು ತೆಗೆದುಕೊಂಡವರು ಅವನಿಗೆ ಕೊಟ್ಟದ್ದು ಒಂದು ತಿಂಗಳು. ನಾನು ಊರಿಗೇ ಹೋಗಿ ಪತ್ರ ಕೊಟ್ಟೆ. ಅವನು ಅದನ್ನು ಎರಡು ಬಾರಿ ಓದಿ, ಮಡಿಸಿ, ಸಂಘದ ಲೆಕ್ಕದ ಪುಸ್ತಕದೊಳಗಿಟ್ಟ. ಮದುವೆಗೆ ತೆಗೆದ ಸಾಲ ಆಗಲೇ ಅವನ ಹೆಸರಿನಲ್ಲಿತ್ತು. ನಡುಗನ್ನಡದ ಗದ್ಯದ ಬಗ್ಗೆ ಅವನು ಬರೆಯಬೇಕಾಗಿದ್ದ ಪುಸ್ತಕವನ್ನು ಈವರೆಗೆ ಬೇರೆ ಯಾರೂ ಬರೆದಿಲ್ಲ.

ಹೀಗಾಗಿ ನನ್ನ ಸಂಶೋಧನೆಯನ್ನು ಯಾರಾದರೂ ಪ್ರತಿಭೆಯ ಫಲವೆಂದಾಗ ನನಗೆ ಮುಜುಗರವಾಗುತ್ತದೆ. ಆ ಏಳು ತಿಂಗಳು ಒಂದು ಪರೀಕ್ಷೆಯೇ ಆಗಿತ್ತು. ಆದರೆ ಅದರಲ್ಲಿ ಅಳೆದದ್ದು ಜ್ಞಾನವನ್ನಲ್ಲ, ಮನೆಯ ತಾಳಿಕೆಯನ್ನು. ಆ ಪರೀಕ್ಷೆಯಲ್ಲಿ ನನ್ನ ಪರವಾಗಿ ಉತ್ತರ ಬರೆದವನು ಅಣ್ಣ. 2024ರ ಜೂನ್ 18ರಂದು ಒಂಬತ್ತು ಲಕ್ಷಕ್ಕೂ ಹೆಚ್ಚು ಮಂದಿ ಬರೆದ ನೆಟ್ ಪರೀಕ್ಷೆಯನ್ನು ಮರುದಿನವೇ ರದ್ದುಗೊಳಿಸಿ, ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಮತ್ತೆ ನಡೆಸಿ, ಫಲಿತಾಂಶವನ್ನು ಅಕ್ಟೋಬರ್‌ನಲ್ಲಿ ಪ್ರಕಟಿಸಿದಾಗ ನನಗೆ ಮೊದಲು ತೋಚಿದ್ದು ಇದೇ ಪ್ರಶ್ನೆ. ಆ ನಾಲ್ಕು ತಿಂಗಳಲ್ಲಿ ಎಷ್ಟು ಜನ ಬಸ್ಸು ಹತ್ತಿದರು? ಫಲಿತಾಂಶದ ಪಟ್ಟಿಯಲ್ಲಿ ಅದಕ್ಕೆ ಅಂಕಣವಿಲ್ಲ.

ಇಷ್ಟು ಬರೆದು ನಿಲ್ಲಿಸಿದ್ದರೆ ಈ ಬರಹ ಅರ್ಧ ಪ್ರಾಮಾಣಿಕವಾಗುತ್ತಿತ್ತು. ಕೆಲವು ವರ್ಷಗಳ ಹಿಂದೆ ಶಿಷ್ಯವೇತನದ ಅರ್ಜಿಗಳನ್ನು ಮೌಲ್ಯಮಾಪನ ಮಾಡಿಕೊಡುವಂತೆ ನನ್ನನ್ನೇ ಕೇಳಿದರು. ಹದಿನಾಲ್ಕು ಅರ್ಜಿಗಳ ಕಟ್ಟು ಮನೆಗೆ ಬಂತು. ಹದಿನೈದು ದಿನಗಳಲ್ಲಿ ಹಿಂದಿರುಗಿಸಬೇಕಿತ್ತು. ನನಗೆ ಒಂದು ವಿಚಾರ ಸಂಕಿರಣವಿತ್ತು, ಉತ್ತರಪತ್ರಿಕೆಗಳಿದ್ದವು, ನಡುವೆ ಜ್ವರ ಬಂತು. ನಾನು ಕಟ್ಟನ್ನು ಬಿಚ್ಚಿದ್ದು ಐದು ವಾರಗಳ ಬಳಿಕ. ಓದಲು ಹಿಡಿದದ್ದು ಎರಡೇ ದಿನ. ಅವುಗಳಲ್ಲಿ ಒಂದು ಅರ್ಜಿ ಬಹಳ ಒಳ್ಳೆಯದಾಗಿತ್ತು. ವೀರಗಲ್ಲುಗಳ ಭಾಷೆಯ ಕುರಿತದ್ದು. ಅದಕ್ಕೇ ಹೆಚ್ಚಿನ ಅಂಕ ಕೊಟ್ಟೆ. ಮರುವರ್ಷ ವಿಚಾರಿಸಿದಾಗ, ಆ ಅಭ್ಯರ್ಥಿ ಆಯ್ಕೆಯಾದರೂ ಬಂದು ಸೇರಲಿಲ್ಲ ಎಂದು ತಿಳಿಯಿತು. ನನ್ನ ಐದು ವಾರಗಳೇ ಕಾರಣ ಎನ್ನಲಾರೆ. ಅವು ಕಾರಣವಲ್ಲ ಎನ್ನುವ ಅಧಿಕಾರವೂ ನನಗಿಲ್ಲ. ಕಾಯಿಸುವವರು ಕ್ರೂರಿಗಳೆಂದು ನಾನು ಇಪ್ಪತ್ತರ ಹರೆಯದಲ್ಲಿ ನಂಬಿದ್ದೆ. ಅವರು ನನ್ನ ಹಾಗೆಯೇ ಜ್ವರ ಬಂದವರು, ಉತ್ತರಪತ್ರಿಕೆ ತಿದ್ದುವವರು, ಕಟ್ಟನ್ನು ನಾಳೆ ಬಿಚ್ಚೋಣ ಎಂದುಕೊಂಡವರು. ಕಾಯುವವನಿಗೆ ಒಂದು ದಿನವೆಂದರೆ ಒಂದು ದಿನದ ಊಟ ಮತ್ತು ಬಾಡಿಗೆ. ಕಾಯಿಸುವವನಿಗೆ ಅದು ಕಪಾಟಿನಲ್ಲಿರುವ ಒಂದು ಕಟ್ಟು ಮಾತ್ರ.

ಎರಡು ದಿನಗಳ ಬಳಿಕ ವಿದ್ಯಾರ್ಥಿನಿಗೆ ನಾನೇ ಕರೆ ಮಾಡಿದೆ. ಕಾಯಿರಿ ಎಂದಾಗಲಿ ಬಿಡಿ ಎಂದಾಗಲಿ ಹೇಳಲಿಲ್ಲ. ಆ ನಷ್ಟವನ್ನು ಹೊರುವವನು ನಾನಲ್ಲ. ಬಿ.ಇಡಿ.ಗೆ ಸೇರುವುದು ಸೋಲಲ್ಲ, ಅದು ಒಂದು ವಿದ್ಯೆ, ಅದರಿಂದ ಅನ್ನ ಹುಟ್ಟುತ್ತದೆ ಎಂದೆ. ಹಾಗೆ ಸೇರಿದರೆ ಮುಂದೆ ಆಯ್ಕೆಯ ಪತ್ರ ಬಂದಾಗ ಎರಡರಲ್ಲಿ ಒಂದನ್ನು ಬಿಡಬೇಕಾಗುತ್ತದೆ, ಕಟ್ಟಿದ ಶುಲ್ಕ ಹಿಂದೆ ಬಾರದೆ ಹೋಗಬಹುದು, ಅದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ ಎಂದೂ ಹೇಳಿದೆ. ಅರ್ಜಿಯ ಸ್ಥಿತಿಯನ್ನು ವಿಚಾರಿಸಿ ಪತ್ರ ಬರೆಯುವುದು ಅವಿನಯವಲ್ಲ; ತಿಂಗಳಿಗೊಮ್ಮೆ ಬರೆಯಿರಿ, ನಿರ್ಧಾರದ ನಿರೀಕ್ಷಿತ ದಿನಾಂಕವನ್ನು ಕೇಳಿರಿ ಎಂದೆ. ಕೊನೆಗೆ, ಶಿಷ್ಯವೇತನವಿಲ್ಲದೆಯೂ ನಡೆಯುವ ಒಂದು ಚಿಕ್ಕ ಕೆಲಸವನ್ನು ಕೈಬಿಡಬೇಡಿ ಎಂದೆ. ಅವರು ತಮ್ಮ ತಾಲ್ಲೂಕಿನ ಗಾದೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಾರೆ, ಮುನ್ನೂರು ದಾಟಿವೆಯಂತೆ. ಆಯ್ಕೆ ಸಮಿತಿಯ ಅನುಮತಿ ಅದಕ್ಕೆ ಬೇಕಿಲ್ಲ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾಳೆ ಬಿ.ಇಡಿ. ಅರ್ಜಿ ಹಾಕುತ್ತೇನೆ ಸರ್’ ಎಂದರು. ಆ ದನಿಯಲ್ಲಿ ಇದ್ದುದು ಸಮಾಧಾನವೋ ದಣಿವೋ ನನಗೆ ತಿಳಿಯಲಿಲ್ಲ.

ಈಗ ನನ್ನ ಮೇಜಿನ ಮೇಲೆ ಮೂರು ಅರ್ಜಿಗಳಿವೆ, ಮೊನ್ನೆ ಬಂದವು. ಪ್ರತಿಯೊಂದರ ಮೊದಲ ಪುಟದ ಮೇಲ್ತುದಿಯಲ್ಲಿ, ಅಭ್ಯರ್ಥಿ ಅದನ್ನು ಸಲ್ಲಿಸಿದ ದಿನಾಂಕವನ್ನೂ ಅದು ನನ್ನ ಕೈಸೇರಿದ ದಿನಾಂಕವನ್ನೂ ಒಂದರ ಕೆಳಗೊಂದು ಬರೆದಿದ್ದೇನೆ. ಮೊದಲನೆಯ ಅರ್ಜಿಯಲ್ಲಿ ಆ ಎರಡರ ನಡುವೆ ತೊಂಬತ್ತೆರಡು ದಿನಗಳು ಕಳೆದಿವೆ. ಮೂರನೆಯ ದಿನಾಂಕಕ್ಕಾಗಿ ಕೆಳಗೆ ಒಂದು ಸಾಲನ್ನು ಖಾಲಿ ಬಿಟ್ಟಿದ್ದೇನೆ. ಇಂದು ರಾತ್ರಿ ಓದಲು ಕೂರಬೇಕು.