ಅಂಚೆಯಲ್ಲಿ ಬಂದ ಗಣಿತ

ಪದವಿ ತರಗತಿಯ ಗಣಿತವನ್ನು ಗುರುವಿಲ್ಲದೆ, ಮನೆಯಲ್ಲಿಯೇ ಕುಳಿತು ಕಲಿಯಲು ಸಾಧ್ಯವೇ? ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು, ಅದರಲ್ಲಿಯೂ ಪಿಯುಸಿಗೆ ಓದು ನಿಲ್ಲಿಸಿದ ಹೆಣ್ಣುಮಕ್ಕಳು, ಈ ಪ್ರಶ್ನೆಯನ್ನು ಆಗಾಗ ಕೇಳುತ್ತಾರೆ. ಇತಿಹಾಸ, ಸಾಹಿತ್ಯಗಳನ್ನು ಓದಿಕೊಳ್ಳಬಹುದು, ಗಣಿತವನ್ನು ಮಾತ್ರ ಕರಿಹಲಗೆಯ ಮುಂದೆಯೇ ಕಲಿಯಬೇಕು ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ.

ನಮ್ಮ ನಾಡಿಗೆ ದೂರಶಿಕ್ಷಣ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯವು ಅಂಚೆ ಶಿಕ್ಷಣವನ್ನು 1969ರಲ್ಲಿಯೇ ಆರಂಭಿಸಿತು. ಅದೇ ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, 1985ರಲ್ಲಿ ಸ್ಥಾಪನೆಯಾಯಿತು. ಅದರ ಗಣಿತದ ಪಾಠಪುಸ್ತಕಗಳು ಇಂದು 'ಇ-ಜ್ಞಾನಕೋಶ'ದಲ್ಲಿ ಯಾರಿಗಾದರೂ ಉಚಿತವಾಗಿ ದೊರೆಯುತ್ತವೆ.

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ರಸ್ತೆಯಲ್ಲಿ, ಕೆಂಪು ಬಾಳೆಗೆ ಹೆಸರಾದ ಕಮಲಾಪುರವಿದೆ. ನನ್ನ ವಿದ್ಯಾರ್ಥಿನಿಯೊಬ್ಬಳು ಮದುವೆಯಾಗಿ ಹೋದದ್ದು ಆ ಊರಿಗೆ. ಮಗಳು ಪ್ರೌಢಶಾಲೆಗೆ ಸೇರಿದ ವರ್ಷ ತಾನೂ ಇಗ್ನೋದ ಬಿ.ಎಸ್ಸಿ.ಗೆ ಸೇರಿಕೊಂಡಳು. ಪದವಿ, ಬಿ.ಎಡ್. ಮುಗಿಸಿ ಗಣಿತದ ಶಿಕ್ಷಕಿಯಾಗಬೇಕೆಂಬುದು ಅವಳ ಹಂಬಲ. ಮನೆಯಲ್ಲಿ ಅದಕ್ಕೆ ಯಾರ ವಿರೋಧವೂ ಇರಲಿಲ್ಲ. ಆದರೆ ಅವಳಿಂದ ಇದು ಆದೀತೆಂಬ ಭರವಸೆಯೂ ಯಾರಿಗೂ ಇರಲಿಲ್ಲ.

ಮೊದಲ ಪತ್ರಿಕೆ ಕಲನಶಾಸ್ತ್ರ. ಅದಕ್ಕೆ 6 ಕ್ರೆಡಿಟ್. ಒಂದು ಕ್ರೆಡಿಟ್ಟಿಗೆ 30 ಗಂಟೆಯ ಅಭ್ಯಾಸವೆಂಬುದು ಅಲ್ಲಿನ ಲೆಕ್ಕ. ಒಟ್ಟು 180 ಗಂಟೆ. ದಿನಕ್ಕೊಂದು ಗಂಟೆ ಓದಿದರೆ ಆರು ತಿಂಗಳು. ಕೇಳಲು ಸುಲಭ. ಬೆಳಗಿನ ರೊಟ್ಟಿ, ಹೊಲದವರ ಬುತ್ತಿ, ರಾತ್ರಿಯ ಪಾತ್ರೆಗಳು, ಇವುಗಳ ನಡುವೆ ಆ ಒಂದು ಗಂಟೆಯನ್ನು ಪ್ರತಿದಿನ ಉಳಿಸಿಕೊಳ್ಳುವುದು ಯಾವ ಪ್ರಮೇಯಕ್ಕಿಂತಲೂ ಕಠಿಣ. ಅವಳು ನಸುಕಿನ ನಾಲ್ಕೂವರೆಯನ್ನು ಆರಿಸಿಕೊಂಡಳು.

ಭಾಷೆಯದು ಇನ್ನೊಂದು ತೊಡಕು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವಳು. ಈ ಪುಸ್ತಕಗಳಿರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ನೋಟುಪುಸ್ತಕದ ಅಂಚಿನಲ್ಲಿ 'ಲಿಮಿಟ್' ಎಂಬುದರ ಮುಂದೆ ಮಿತಿ, 'ಡಿಫರೆನ್ಶಿಯೇಷನ್' ಎಂಬುದರ ಮುಂದೆ ಅವಕಲನ, 'ಇಂಟಿಗ್ರೇಷನ್' ಎಂಬುದರ ಮುಂದೆ ಅನುಕಲನ ಎಂದು ಬರೆದುಕೊಂಡು ತನ್ನದೇ ನಿಘಂಟು ಮಾಡಿಕೊಂಡಳು.

ಆದರೂ ನಿಜವಾದ ಪರೀಕ್ಷೆ ಬಂದದ್ದು ಮೊದಲ ನಿಯೋಜಿತ ಕಾರ್ಯದಲ್ಲಿ. ಅದನ್ನು ಕೈಬರಹದಲ್ಲಿಯೇ ಬರೆದು ಒಪ್ಪಿಸಬೇಕು. ಒಟ್ಟು ಅಂಕಗಳಲ್ಲಿ ಶೇ. 30 ಅದಕ್ಕೆ, ಉಳಿದ ಶೇ. 70 ಅಂತಿಮ ಪರೀಕ್ಷೆಗೆ. ಉತ್ತರ ಸರಿಯಿದ್ದರೂ ಮೌಲ್ಯಮಾಪಕರು ಅಂಕ ಕಳೆದು, ಪಕ್ಕದಲ್ಲಿ 'ಇದು ಏಕೆ?' ಎಂದಷ್ಟೇ ಬರೆದಿದ್ದರು. ಅವಳು ಬೇಸರದಿಂದ ಆ ಹಾಳೆಗಳನ್ನು ಹಿಡಿದು ಒಂದು ಭಾನುವಾರ ಕಲಬುರಗಿಗೆ ಬಂದಳು. "ಸರ್, ಉತ್ತರ ಬಂದ ಮೇಲೆ ಇನ್ನೇನು ಬೇಕು?" ಎಂದಳು.

ಪ್ರೌಢಶಾಲೆಗೂ ಪದವಿಗೂ ನಡುವಿನ ಹೊಸ್ತಿಲೇ ಈ ಪ್ರಶ್ನೆ. 1, 1/2, 1/3, 1/4 ಎಂಬ ಶ್ರೇಣಿಯನ್ನು ನೋಡಿ. ಅದು ಸೊನ್ನೆಗೆ ಹತ್ತಿರವಾಗುತ್ತ ಹೋಗುತ್ತದೆ ಎನ್ನುತ್ತೇವೆ. ನಿಜ. ಆದರೆ ಅದು ಋಣ ಒಂದಕ್ಕೂ ಪ್ರತಿ ಹೆಜ್ಜೆಯಲ್ಲಿ ಹತ್ತಿರವಾಗುತ್ತಲೇ ಇದೆಯಲ್ಲ! ಹಾಗಾದರೆ ಮಿತಿ ಸೊನ್ನೆಯೇ ಏಕೆ? 'ಹತ್ತಿರವಾಗುವುದು' ಎಂಬ ಮಾತು ಇಲ್ಲಿ ಸಾಲದು. ಎದುರಾಳಿಯೊಬ್ಬ "ಸೊನ್ನೆಯಿಂದ 1/100ಕ್ಕಿಂತ ಕಡಿಮೆ ಅಂತರ ತೋರಿಸು" ಎಂದರೆ, ನೂರನೆಯ ಪದದ ನಂತರದ ಎಲ್ಲ ಪದಗಳನ್ನೂ ತೋರಿಸಬಹುದು. 1/1000 ಎಂದರೆ ಸಾವಿರದ ನಂತರದವು. ಅವನು ಎಷ್ಟೇ ಚಿಕ್ಕ ಅಂತರ ಕೇಳಲಿ, ನಮ್ಮಲ್ಲಿ ಉತ್ತರವಿದೆ. ಋಣ ಒಂದರ ವಿಷಯದಲ್ಲಿಯಾದರೋ ಅವನು 1/2 ಎಂದ ಕೂಡಲೇ ನಾವು ಸೋತೆವು; ಅಲ್ಲಿಂದ ಅಂತರ ಎಂದಿಗೂ ಒಂದಕ್ಕಿಂತ ಹೆಚ್ಚೇ. ಇದನ್ನು ವಿವರಿಸಿದಾಗ ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಹಾಗಾದರೆ ಇದು ಲೆಕ್ಕವಲ್ಲ ಸರ್, ವಾದ" ಎಂದಳು. ನನ್ನ ವೃತ್ತಿಜೀವನದಲ್ಲಿ ಇಷ್ಟು ಸಂತೋಷ ಕೊಟ್ಟ ಮಾತುಗಳು ಕೆಲವೇ.

ರೇಖಾಗಣಿತದ ಪ್ರಮೇಯಗಳಲ್ಲಿ ದತ್ತ, ಸಾಧನೀಯ, ರಚನೆ, ಸಾಧನೆ ಎಂದು ನಾವೆಲ್ಲ ಬರೆದವರೇ. ಕನ್ನಡದಲ್ಲಿ ಪ್ರಮೇಯವನ್ನು ಸಿದ್ಧಪಡಿಸುವುದಕ್ಕೂ, ಬಾಳಿನಲ್ಲಿ ಏನನ್ನಾದರೂ ಗಳಿಸುವುದಕ್ಕೂ 'ಸಾಧನೆ' ಎಂಬ ಒಂದೇ ಪದವಿರುವುದು ಎಷ್ಟು ಔಚಿತ್ಯಪೂರ್ಣ! ಎರಡರಲ್ಲಿಯೂ ಹೆಜ್ಜೆ ಹಾರಿಸುವಂತಿಲ್ಲ.

ದೂರಶಿಕ್ಷಣದಲ್ಲಿ ಒಂದು ಗುಣವೂ ಇದೆ. ತರಗತಿಯಲ್ಲಿ ಶಿಕ್ಷಕನ ವೇಗಕ್ಕೆ ಎಲ್ಲರೂ ಓಡಬೇಕು. ಇಲ್ಲಿ ಒಂದು ಪುಟದ ಮುಂದೆ ನಾಲ್ಕು ದಿನ ಕುಳಿತರೂ ಪುಸ್ತಕ ಗದರುವುದಿಲ್ಲ. ಮೂರು ವರ್ಷದ ಪದವಿಯನ್ನು ಆರು ವರ್ಷಗಳೊಳಗೆ ಮುಗಿಸಲು ಅವಕಾಶವಿದೆ. ಆದರೆ ತಿಂಗಳಿಗೊಮ್ಮೆಯಾದರೂ ಬಾಯಿಬಿಟ್ಟು ವಾದಿಸಲು ಒಬ್ಬ ಮನುಷ್ಯ ಬೇಕು. ಅದಿಲ್ಲದೆ ಎಷ್ಟೋ ಮಂದಿ ನಡುದಾರಿಯಲ್ಲಿ ನಿಲ್ಲುತ್ತಾರೆ.

ಕಲನಶಾಸ್ತ್ರದಲ್ಲಿ ಅವಳು ತೇರ್ಗಡೆಯಾದಳು. ಅಂಕಗಳು ಸಾಧಾರಣ. ಅವಕಲ ಸಮೀಕರಣಗಳ ಪತ್ರಿಕೆಯೂ ಮುಗಿದಿದೆ, ಈಗ ನೈಜ ವಿಶ್ಲೇಷಣೆಯನ್ನು ಓದುತ್ತಿದ್ದಾಳೆ. ನಸುಕಿನಲ್ಲಿ ಒಮ್ಮೊಮ್ಮೆ ಮಗಳೂ ಎದ್ದು ಪಕ್ಕದಲ್ಲಿ ತನ್ನ ಲೆಕ್ಕ ಬಿಡಿಸುತ್ತಾಳಂತೆ, ಉತ್ತರ ಬಂದೊಡನೆ ತಾಯಿ "ಇದು ಏಕೆ?" ಎಂದು ಕೇಳುತ್ತಾಳಂತೆ.

ನಿಮ್ಮಲ್ಲಿ ಯಾರಿಗಾದರೂ ಬಿಟ್ಟ ಓದನ್ನು ಮುಂದುವರಿಸುವ ಮನಸ್ಸಿದ್ದರೆ ಹಿಂಜರಿಯಬೇಡಿ. ಪುಸ್ತಕ ಅಂಚೆಯಲ್ಲಿ ಬರುತ್ತದೆ. ವಾದಕ್ಕೆ ಜೊತೆ ಬೇಕಾದರೆ ಭಾನುವಾರಗಳಲ್ಲಿ ನಾನು ಮನೆಯಲ್ಲಿಯೇ ಇರುತ್ತೇನೆ.