ಅಕ್ಕ ನೋಡಿದ ಹುಳು

ಅಕ್ಕಮಹಾದೇವಿ ಬಗ್ಗೆ ಇನ್ನೊಂದು ಬರಹವಾ ಅಂತ ಮೂಗು ಮುರೀಬೇಡಿ. ಭಕ್ತಿ, ವೈರಾಗ್ಯ, ಸ್ತ್ರೀವಾದ ಇವನ್ನೆಲ್ಲ ಬರೆಯೋಕೆ ತಿಳಿದವರು ಬೇಕಾದಷ್ಟು ಜನ ಇದ್ದಾರೆ. ನಾನು ಓದಿದ್ದು ಇಂಜಿನಿಯರಿಂಗು, ಹೊಟ್ಟೆಪಾಡಿಗೆ ಮಾಡೋದು ಕೋಡಿಂಗು. ನನಗೆ ಹೇಳಬೇಕಾಗಿರೋದು ಒಂದು ಹುಳುವಿನ ವಿಷಯ.

ಸ್ಕೂಲಲ್ಲಿ ಕಲಿತ ಅಕ್ಕ ನಿಮಗೂ ಗೊತ್ತು. ಹನ್ನೆರಡನೇ ಶತಮಾನ, ಈಗಿನ ಶಿಕಾರಿಪುರ ತಾಲ್ಲೂಕಿನ ಉಡುತಡಿ, ಅಪ್ಪ ನಿರ್ಮಲಶೆಟ್ಟಿ, ತಾಯಿ ಸುಮತಿ, ನಡುವೆ ಕೌಶಿಕ, ಆಮೇಲೆ ಕಲ್ಯಾಣ, ಕೊನೆಗೆ ಶ್ರೀಶೈಲದ ಕದಳಿ. ದುಂಬಿ, ಮಾವಿನಮರ, ಕೋಗಿಲೆ, ಗಿಳಿ, ಹಂಸ, ನವಿಲು... ಎದುರಿಗೆ ಸಿಕ್ಕವರನ್ನೆಲ್ಲ ನಿಲ್ಲಿಸಿ ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಅಂತ ವಿಚಾರಿಸ್ತಾಳಲ್ಲ, ಆ ವಚನಗಳಿಗೆ ನಮ್ಮ ನೋಟ್ಸಿನಲ್ಲಿ ಒಂದೇ ಉತ್ತರ: 'ಕವಯಿತ್ರಿಯ ಪ್ರಕೃತಿಪ್ರೇಮ ಇಲ್ಲಿ ವ್ಯಕ್ತವಾಗಿದೆ'. ಎರಡು ಮಾರ್ಕ್ಸು. ಪ್ರಕೃತಿಪ್ರೇಮ ಅಂದ್ರೆ ಮಳೆಗಾಲದಲ್ಲಿ ಗುಂಡ್ಲುಪೇಟೆ ರಸ್ತೆ ಪಕ್ಕ ಕಾರು ನಿಲ್ಲಿಸಿ, ಸೂರ್ಯಕಾಂತಿ ಹೊಲಕ್ಕೆ ನುಗ್ಗಿ ಫೋಟೋ ತೆಗೆಸಿಕೊಳ್ಳೋದು ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ.

ನಮ್ಮಜ್ಜಿಯ ಅಕ್ಕ ಬೇರೆ.

ಅಪ್ಪನಿಗೆ ಚಾಮರಾಜನಗರದಲ್ಲಿ ಕೆಲಸ. ರಜೆ ಬಂತು ಅಂದ್ರೆ ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಒಂದು ಬಸ್ಸು, ಅಲ್ಲಿಂದ ಅಜ್ಜಿಯ ಹಳ್ಳಿಗೆ ಇನ್ನೊಂದು. ಆ ಮನೆಯಲ್ಲಿ ಅರ್ಧ ನಮಗೆ, ಅರ್ಧ ರೇಷ್ಮೆ ಹುಳಕ್ಕೆ. ಹುಳದ ಕೋಣೆಗೆ ಕೈಕಾಲು ತೊಳೆಯದೆ ಹೋಗೋ ಹಾಗಿಲ್ಲ, ಪೌಡರ್ ಹಾಕ್ಕೊಂಡು ಹೋದರಂತೂ ಬೈಗುಳ ಗ್ಯಾರಂಟಿ. ಹುಳ ನಾಲ್ಕು ಸಲ ತಿನ್ನೋದು ನಿಲ್ಲಿಸಿ, ತಲೆ ಎತ್ತಿಕೊಂಡು ಅಲ್ಲಾಡದೆ ಮಲಗಿ, ಪೊರೆ ಬಿಡುತ್ತೆ. ಅದಕ್ಕೆ 'ಜ್ವರ' ಅಂತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಶುರುವಾಗುತ್ತೆ ನೋಡಿ ಊಟ! ರಾತ್ರಿ ದೀಪ ಆರಿಸಿ ಮಲಗಿದರೆ ಪಕ್ಕದ ಕೋಣೆಯಲ್ಲಿ ಮಳೆ ಬೀಳೋ ಸದ್ದು. ಹೊರಗೆ ಬಂದು ನೋಡಿದರೆ ಆಕಾಶದ ತುಂಬ ನಕ್ಷತ್ರ. ಅದು ಸಾವಿರಾರು ಹುಳಗಳು ಹಿಪ್ಪುನೇರಳೆ ಸೊಪ್ಪು ಕಡಿಯೋ ಸದ್ದು.

ಹಣ್ಣಾದ ಹುಳಗಳನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡೋವಾಗ ಅಜ್ಜಿ ವಚನ ಹೇಳ್ಕೋತಿದ್ದಳು. ಮಠದಲ್ಲಿ ಕೇಳಿ ಕಲಿತಿದ್ದು, ಪುಸ್ತಕ ನೋಡಿದವಳಲ್ಲ. ಅದರಲ್ಲಿ ಗೂಡು ಕಟ್ಟೋ ಹುಳುವಿನದ್ದು ಒಂದು. ಹುಳುವಿಗೆ ಅದರ ಒಳಗಿಂದಲೇ ಬಂದ ಎಳೆ ಸೆರೆಮನೆ ಆಗುತ್ತೆ, ನನ್ನ ಮನಸ್ಸಿನ ಆಸೆಗಳೂ ನನಗೆ ಹಾಗೇ ಆಗಿವೆ, ಬಿಡಿಸು ಅಂತ ಅಕ್ಕ ಅದರಲ್ಲಿ ಕೇಳ್ತಾಳೆ. ಆ ಎಳೆಗೆ ಅವಳು ಬಳಸೋ ಮಾತು 'ಸ್ನೇಹ'. ಸ್ನೇಹ ಅಂದ್ರೆ ಪ್ರೀತಿಯೂ ಹೌದು, ಜಿಡ್ಡೂ ಹೌದು. ಎ.ಕೆ. ರಾಮಾನುಜನ್ 1973ರ ತಮ್ಮ ಇಂಗ್ಲಿಷ್ ಅನುವಾದದಲ್ಲಿ ಪ್ರೀತಿ, ಮಜ್ಜೆ ಎರಡನ್ನೂ ತಂದಿದ್ದಾರೆ. ಹುಳದ ಮನೆಯಲ್ಲಿ ಬೆಳೆದವರಿಗೆ ಇದಕ್ಕೆ ಟಿಪ್ಪಣಿ ಬೇಕಿಲ್ಲ. ಬಾಯಿಂದ ಬರೋ ಅಂಟು ಗಾಳಿ ತಾಗಿದ ಕೂಡಲೇ ದಾರ ಆಗೋದು ಕಣ್ಣೆದುರೇ ಕಾಣುತ್ತೆ. ತಲೆಯನ್ನು ಅತ್ತ ಇತ್ತ ಆಡಿಸುತ್ತ ಮೂರು ದಿನ ಸುತ್ತಿದರೆ ಒಂದು ಗೂಡಿನಲ್ಲಿ ಹೆಚ್ಚು ಕಮ್ಮಿ ಒಂದು ಕಿಲೋಮೀಟರ್ ಎಳೆ. ಚಿಟ್ಟೆ ಹೊರಗೆ ಬಂದರೆ ಎಳೆ ತುಂಡಾಗುತ್ತೆ, ಅದಕ್ಕೇ ಗೂಡನ್ನು ಬಿಸಿಗೆ ಒಡ್ಡಿ ಒಳಗಿನ ಹುಳವನ್ನು ಸಾಯಿಸ್ತಾರೆ. ಅಜ್ಜಿ ಈ ವಚನ ಹೇಳೋದು, ಅದೇ ಗೂಡು ಬಿಡಿಸಿ ಮಾರ್ಕೆಟ್ಟಿಗೆ ಕಳಿಸೋದು, ಬಂದ ದುಡ್ಡಲ್ಲಿ ನನ್ನ ಕಾಲೇಜ್ ಫೀಸು ಕಟ್ಟೋದು ಎಲ್ಲ ಒಂದೇ ಉಸಿರಲ್ಲಿ ನಡೀತಿತ್ತು.

ಇಲ್ಲೊಂದು ಗಂಟು ಇದೆ. ಮೈಸೂರು ಸೀಮೆಯಲ್ಲಿ ರೇಷ್ಮೆ ಸಾಕಣೆ ಬೇರೂರಿದ್ದು ಹದಿನೆಂಟನೇ ಶತಮಾನದ ಕೊನೆಗೆ, ಟಿಪ್ಪುವಿನ ಕಾಲದಲ್ಲಿ. ಹಾಗಾದ್ರೆ ಹನ್ನೆರಡನೇ ಶತಮಾನದ ಅಕ್ಕ ನೋಡಿದ್ದು ಯಾವ ಹುಳು? ನನ್ನ ಊಹೆ (ಊಹೆ ಮಾತ್ರ, ವಿದ್ವಾಂಸರು ಹೊಡೀಬೇಡಿ), ಅದು ಕಾಡಿನ ಹುಳು ಇದ್ದರೂ ಇರಬಹುದು. ಟಸ್ಸಾರ್ ರೇಷ್ಮೆಯ ಹುಳುವನ್ನು ಮನೆಯೊಳಗೆ ತಟ್ಟೆಯಲ್ಲಿ ಸಾಕೋದಿಲ್ಲ, ಅದು ಮರದ ಮೇಲೇ ಬೆಳೆದು ಮರದಲ್ಲೇ ಗೂಡು ನೇತುಹಾಕುತ್ತೆ. ಅದಕ್ಕೆ ಇಷ್ಟವಾದ ಮರ ಮತ್ತಿ, ಹೊಳೆಮತ್ತಿ. ಹೊಳೆಮತ್ತಿಗೆ ಸಂಸ್ಕೃತದಲ್ಲಿ ಏನು ಹೆಸರು ಹೇಳಿ? ಅರ್ಜುನ! ಮಲ್ಲಿಕಾರ್ಜುನದ ಅರ್ಜುನಕ್ಕೆ ಬಿಳುಪು ಅಂತಲೂ ಅರ್ಥ ಹೇಳ್ತಾರೆ, ಮಲ್ಲಿಗೆಯಂಥ ಬಿಳುಪು. ಆದರೂ ದೇವರ ಹೆಸರಲ್ಲಿ ಒಂದು ಬಳ್ಳಿ, ಒಂದು ಮರ ಎರಡೂ ಇದೆ ಅಂತ ಹೊಳೆದ ದಿನ ನಾನು ಆಫೀಸಲ್ಲಿ ಕೆಲಸ ಮಾಡಲಿಲ್ಲ.

ಹುಳು ಯಾವುದೇ ಇರಲಿ, ಅವಳು ಕೂತು ನೋಡಿದ್ದಾಳೆ ಅನ್ನೋದು ನನಗೆ ಖಾತ್ರಿ. ಆನೆಯ ವಚನದಲ್ಲೂ ಹಾಗೇ. ಹಿಂಡಿನಿಂದ ಬೇರೆಯಾಗಿ ಸಿಕ್ಕಿಬಿದ್ದ ಆನೆ ತನ್ನ ವಿಂಧ್ಯವನ್ನು ನೆನೆಯೋ ಹಾಗೆ ತನ್ನ ಕಥೆ ಅಂತಾಳೆ. ನಮ್ಮ ಕಡೆ ಇದು ಬರೀ ಹೋಲಿಕೆ ಅಲ್ಲ. 1870ರ ದಶಕದಲ್ಲಿ ಸ್ಯಾಂಡರ್ಸನ್ ಚಾಮರಾಜನಗರದ ಹತ್ತಿರ, ಬಿಳಿಗಿರಿರಂಗನ ಬೆಟ್ಟದ ತಪ್ಪಲಲ್ಲಿ ಖೆಡ್ಡಾ ಮಾಡಿ ಹಿಂಡಿಗೆ ಹಿಂಡೇ ಹಿಡಿಸಿದ್ದ. ಅಜ್ಜಿಗೆ ಆನೆ ಮೇಲೆ ಪ್ರೇಮಗೀಮ ಏನಿಲ್ಲ. ಬಂಡೀಪುರ ಪಕ್ಕದಲ್ಲೇ. ಟ್ರೆಂಚ್ ದಾಟಿ ಬಂದು ಬಾಳೆ ತಿಂದು ಹೋದ ಆನೆಗೆ ಅವಳು ಹಾಕೋ ಶಾಪ ಇಲ್ಲಿ ಬರೆಯೋ ಹಾಗಿಲ್ಲ. ಆದರೆ ಆ ವಚನಕ್ಕೆ ಬಂದಾಗ ಪ್ರತಿ ಸಲ ದನಿ ಇಳಿಯುತ್ತೆ. ಹದಿನಾಲ್ಕನೇ ವಯಸ್ಸಿಗೆ ಮದುವೆಯಾಗಿ ಬಂದವಳು, ತವರಿನ ದಾರಿ ದೂರ. ಅವಳ ವಿಂಧ್ಯ ಯಾವುದು ಅಂತ ನಾನು ಇವತ್ತಿಗೂ ಕೇಳಿಲ್ಲ.

ಈಗ ಆ ಮನೆಯಲ್ಲಿ ಹುಳ ಇಲ್ಲ. ಸೊಪ್ಪು ಕೊಯ್ಯೋಕೆ ಕೈ ಬೇಕಲ್ಲ? ಮೊಮ್ಮಕ್ಕಳೆಲ್ಲ ಬೆಂಗಳೂರು. ಹಿಪ್ಪುನೇರಳೆ ಕಿತ್ತು ಮಾವ ಚೆಂಡುಹೂವು ಹಾಕಿದ್ದಾರೆ. ಕಳೆದ ಸಲ ಹೋದಾಗ, ಬೆಂಗಳೂರಲ್ಲಿ ಫ್ಲ್ಯಾಟ್ ತಗೊಂಡೆ, ಸಾಲಕ್ಕೆ ಸೈನ್ ಹಾಕಿಯಾಯ್ತು ಅಂತ ಹೇಳಿದೆ.

"ಎಷ್ಟು ವರ್ಸದ ಸಾಲ ಕೂಸು?"

"ಇಪ್ಪತ್ತು ವರ್ಷ ಅಜ್ಜಿ."

"ನಮ್ ಹುಳ ಮೂರೇ ದಿನ್ಕ ಕಟ್ಕಳದು ಕನ," ಅಂದಳು. ಆಮೇಲೆ ಒಂದು ಕ್ಷಣ ಬಿಟ್ಟು, "ಕಿಟ್ಕಿಯಾದ್ರೂ ಅದಾ?"

ಇದೆ. ಎದುರುಗಡೆ ಇನ್ನೊಂದು ಅಪಾರ್ಟ್‌ಮೆಂಟ್ ಕಾಣುತ್ತೆ.

ಆ ಕಿಟಕಿ ಪಕ್ಕ ಕೂತು ಈಗ ಒಂದು ಪಟ್ಟಿ ಮಾಡ್ತಿದ್ದೀನಿ. ಅಕ್ಕನ ಹೆಸರಲ್ಲಿ ಸುಮಾರು 430 ವಚನ ಸಿಗುತ್ತವೆ. ಅದರಲ್ಲಿ ಬರೋ ಪ್ರಾಣಿ, ಪಕ್ಷಿ, ಗಿಡ ಎಲ್ಲ ಎಕ್ಸೆಲ್‌ಗೆ ಹಾಕ್ತಾ ಇದ್ದೀನಿ (ರೋಗ ಬಿಡಬೇಕಲ್ಲ). ನಿಮ್ಮಲ್ಲಿ ಶಿಕಾರಿಪುರ ಕಡೆಯವರು ಯಾರಾದರೂ ಇದ್ದರೆ ಒಂದು ಉಪಕಾರ ಮಾಡಿ. ಉಡುತಡಿ ಸುತ್ತಮುತ್ತಲ ಕಾಡಿನಲ್ಲಿ ಮತ್ತಿ ಮರಕ್ಕೆ ನೇತುಬಿದ್ದ ಗೂಡು ನೋಡಿದ್ದೀರಾ? ಮೊಟ್ಟೆಯಷ್ಟು ದಪ್ಪ, ಗಟ್ಟಿ, ಒಂದು ಸಣ್ಣ ತೊಟ್ಟು ಇರುತ್ತೆ. ಊರಲ್ಲಿ ಅದಕ್ಕೆ ಏನಂತಾರೆ ಅಂತಾನೂ ಹಿರಿಯರನ್ನ ಕೇಳಿ ಹೇಳಿ. ಅಜ್ಜಿಗೆ ತಿಳಿಸಬೇಕು.